ಲಾಲಮ್ಮನ ಮೂತ್ರದ ಚೀಟಿ

“ನನ್ನ ಎಣ್ಣಿ ಕದ್ದು ಕುಡದಿಯೇನಬೇ, ರಂಡಿ?”

ಬದುವಿನ ಮೇಲೆ ನಿಂತ ಜಗದೇವಪ್ಪಗೌಡರು, ಲಾಲಮ್ಮ ತಂದು ತೋರಿಸಿದ ಚೀಟಿಯನ್ನು ಅವಳ ಮುಖಕ್ಕೇ ಎಸೆದರು. ಕೆಸರಿಗೆ ಬೀಳುವ ಮೊದಲೇ ಅವಳು ಹಿಡಿದುಕೊಂಡಳು.

ಕಾಲುವೆ ನೀರು ಬಂದಾಗಿನಿಂದ ದೋರನಹಳ್ಳಿಯ ಆ ಹೊಲದಲ್ಲಿ ವರ್ಷಕ್ಕೆರಡು ಭತ್ತ. ಬೆಳೆಗೆ ಐದಾರು ಸಲ ಎಣ್ಣೆ, ಅಂದರೆ ಹುಳದ ಔಷಧ. ಹೊಡೆದ ಮರುದಿನವೇ ಕಳೆ ಕೀಳಲು ಹೆಣ್ಣಾಳುಗಳು ಇಳಿಯಬೇಕು. ಲಾಲಮ್ಮನ ಬೆರಳ ಸಂದು ಉರಿಯುತ್ತಿತ್ತು, ಸಂಜೆಗೆ ಕಣ್ಣು ಮಂಜಾಗುತ್ತಿತ್ತು. ಹೋದ ತಿಂಗಳು ಊರಿಗೆ ಬಂದ ಡಾಕ್ಟರರ ತಂಡ ಅವಳ ಮೂತ್ರ ಒಯ್ದು ಈ ಚೀಟಿ ಕಳಿಸಿತ್ತು. ಓದುಬರಹ ಬಲ್ಲ ತಮ್ಮ ಅಂಬ್ರಪ್ಪ, “ಅಕ್ಕಾ, ಗೌಡ್ರ ಡಬ್ಬಿ ಮ್ಯಾಲಿನ ಹೆಸರೇ ನಿನ್ನ ಉಚ್ಚಿಯಾಗ ಅದ” ಎಂದಿದ್ದ.

“ಕದ್ದಿಲ್ರಿ. ನೀವೇ ಹೊಡಿಸಿದ್ದು. ನನ್ನೊಳಗ ಹೆಂಗ ಹೊಕ್ತು, ಅದು ಹೇಳ್ರಿ.”

“ಶಾಣ್ಯಾಕಿ ಆಗಿದಿ! ನಡಿ ದವಾಖಾನಿಗೆ, ನಿನ್ನ ಶಾಣ್ಯಾತನ ಅಲ್ಲೇ ಬಿಡಿಸ್ತೀನಿ.”

ಗೌಡರು ಜೀಪಿನಲ್ಲಿ ಹೊರಟರು. ಲಾಲಮ್ಮ ಟಂಟಂ ಆಟೋ ಹತ್ತಿದಳು. ಕಳೆ ಕೀಳುತ್ತಿದ್ದ ಎಂಟು ಹೆಂಗಸರೂ ಕೆಸರುಗಾಲಲ್ಲೇ ಹತ್ತಿದರು.

ಗೌಡರ ಪರಿಚಯದ ಡಾಕ್ಟರು ಪೇಟೆಯಲ್ಲಿ ಸ್ವಂತ ದವಾಖಾನೆ ಇಟ್ಟಿದ್ದರು. ಗೌಡರಿಗೆ ಕುರ್ಚಿ ಹಾಕಿಸಿದರು. ನಿಂತಿದ್ದ ಲಾಲಮ್ಮನ ಚೀಟಿಯನ್ನು ತಿರುವಿ ನೋಡಿದರು.

“ಅದ, ಆದ್ರ ಭಾಳಿಲ್ಲ. ಈ ಕಾಲುವಿ ಸೀಮ್ಯಾಗ ಎಲ್ಲರಿಗೂ ಇಷ್ಟು ಇರ್ತದ. ಎಲ್ಲರಿಗೂ ಇದ್ರ ನಾವು ನಾರ್ಮಲ್ ಅಂತೀವಿ. ಹಾಲು, ಹಣ್ಣು ತಿನ್ನು.”

“ಕೇಳಿದೇನು? ನಾರ್ಮಲ್!” ಗೌಡರು ಮೀಸೆಯಲ್ಲೇ ನಕ್ಕರು. “ನಾಳಿ ಹೊತ್ತಿಗಿ ಸರಿಯಾಗಿ ಹೊಲಕ್ಕ ಬಾ.”

ಎಲ್ಲರಿಗೂ ಎಂಬ ಮಾತು ಲಾಲಮ್ಮನಿಗೆ ಹಿಡಿಸಿತು. ಮೇಜಿನ ಮೇಲಿದ್ದ ಖಾಲಿ ಶೀಶೆಯೊಂದರ ಮುಚ್ಚಳ ಬಿಚ್ಚಿ ಗೌಡರ ಮುಂದಿಟ್ಟಳು.

“ಎಲ್ಲರಿಗೂ ಅದಂತ್ರಿ ಗೌಡ್ರ. ನೀವೂ ಒಂದೀಟು ಹೊಯ್ರಿ, ನೋಡೂಣು.”

ಗೌಡರ ಮುಖ ಒಣಮೆಣಸಿನಕಾಯಿಯಾಯಿತು. ಡಾಕ್ಟರು ಗಾಬರಿಯಾಗಿ, “ಏ, ಗೌಡ್ರದು ಯಾಕಬೇ? ಅವರೇನು ನಿಮ್ಮಂಗ ಎಣ್ಣಿ ಹೊಡದ ಕೆಸರಾಗ ಇಳಿತಾರೇನು?” ಎಂದುಬಿಟ್ಟರು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಲಾಲಮ್ಮ ಚೀಟಿಯನ್ನು ಮಗುಚಿ, ಅವರ ಕೈಯ ಹತ್ತಿರ ಸರಿಸಿದಳು.

“ಹಾಂ, ನನ್ನೊಳಗ ಹೆಂಗ ಹೊಕ್ತು ಅಂತ ಈಗ ತಿಳೀತ್ರಿ. ಅದನ್ನೇ ಇದರ ಹಿಂದ ಬರೀರಿ ಸಾಹೇಬ್ರ. ಸಹಿ ಹಾಕ್ರಿ.”

ಗೌಡರು ಬೈಯುತ್ತ ಎದ್ದರು. ಹೊಸ್ತಿಲಿಗೆ ಅಡ್ಡಲಾಗಿ ಎಂಟೂ ಹೆಂಗಸರು ಕುಳಿತಿದ್ದರು. ಒಬ್ಬರೂ ಕಾಲು ಮಡಿಚಲಿಲ್ಲ. ಮುಂದಿದ್ದ ಮುದುಕಿ ತಿಮ್ಮವ್ವ ಬಾಯೊಳಗಿನ ಎಲೆಯಡಿಕೆಯನ್ನು ದವಡೆಗೆ ಒತ್ತಿಕೊಂಡು ಒಳಗೆ ಕೂಗಿದಳು:

“ಸಾವಕಾಶ ಬರೀರಿ ಸಾಹೇಬ್ರ. ಇವತ್ತಿನ ಕೂಲಿ ಹೆಂಗಿದ್ರೂ ಹೋಗ್ಯದ.”