ತಡವಾಗಿ ಬಂದ ಸಾಕ್ಷಿ

ದಫೇದಾರ್ ಮರುಳಪ್ಪ ಯಾರನ್ನೇ ಆಗಲಿ ಮೊದಲು ನೋಡುತ್ತಿದ್ದದ್ದು ಕಾಲನ್ನು. ಮುಖದ ಸರದಿ ಆಮೇಲೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಎಡಭುಜವನ್ನು ತುಸು ಇಳಿಬಿಟ್ಟು, ಬಿದ್ದುಹೋದ ಉಂಗುರವನ್ನು ಹುಡುಕುವವನಂತೆ ನೆಲ ನೋಡುತ್ತ ಅವನು ಅರಸೀಕೆರೆಯ ಸಂತೆಯೊಳಗೆ ನಡೆದುಬರುತ್ತಿದ್ದರೆ, ಏನೂ ತಪ್ಪು ಮಾಡದವರೂ ತಮಗರಿವಿಲ್ಲದೆ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಹಿಮ್ಮಡಿಯ ಬಿರುಕಿನಲ್ಲಿ ಕೂತ ಮಣ್ಣಿನ ಬಣ್ಣದಿಂದ ಮನುಷ್ಯನ ಊರನ್ನೂ, ಚಪ್ಪಲಿಯ ಸವೆತದಿಂದ ಅವನ ಕಸುಬನ್ನೂ ಹೇಳಬಲ್ಲವನಾಗಿದ್ದ. ನಾನು ಹಳೇಬೀಡಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ ಕಾಲದಲ್ಲಿ ಶಾಲೆಯ ಗಡಿಯಾರ ಕಳವಾದಾಗ, ಕಿಟಕಿಯ ಕೆಳಗಿನ ಧೂಳನ್ನು ಎರಡು ನಿಮಿಷ ದಿಟ್ಟಿಸಿ, "ಅದಿರ್ಲಿ ಮೇಷ್ಟ್ರೇ, ನಿಮ್ಮ ಜವಾನ ಯಾಕೆ ಒಂದು ಕಾಲು ಎಳೀತಾನೆ?" ಎಂದು ಕೇಳಿದ. ಸಂಜೆಯೊಳಗೆ ಗಡಿಯಾರ ಗೋಡೆಗೆ ಮರಳಿತ್ತು. ಅವನ ಪ್ರತಿಯೊಂದು ಪ್ರಶ್ನೆಗೂ ಮುಂಚೆ ಆ 'ಅದಿರ್ಲಿ' ಇದ್ದೇ ಇರುತ್ತಿತ್ತು, ಅದಕ್ಕೆ ಮೊದಲು ಯಾವ ಮಾತೂ ನಡೆದಿರದಿದ್ದರೂ ಸರಿಯೇ. ಇಂಥ ಪ್ರತಿಭೆಯ ಮನುಷ್ಯ ಅಂಥ ನೀಚ ಕೆಲಸಕ್ಕೆ ಇಳಿದದ್ದನ್ನು ನೆನೆದಾಗಲೆಲ್ಲ ನನಗೆ ಇಂದಿಗೂ ಮೈ ಉರಿಯುತ್ತದೆ; ಅದರಲ್ಲಿ ನನ್ನ ಪಾಲೂ ಇದ್ದುದರಿಂದ ಆ ಉರಿಯನ್ನು ಅವನೊಬ್ಬನ ಮೇಲೆ ಕಾರಿ ಸುಮ್ಮನಾಗುವಂತಿಲ್ಲ.

ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಅವನು ಕಂದುಬಣ್ಣದ ತುಂಬುತೋಳಿನ ಸ್ವೆಟರನ್ನು ಬಿಚ್ಚುತ್ತಿರಲಿಲ್ಲ. ಶೀತದ ಮೈಯೆಂದು ಜನ ನಂಬಿದ್ದರು. ಬೇಲೂರು ರಸ್ತೆಯಲ್ಲಿ ಮೋಟಾರುಬೈಕಿನಿಂದ ಬಿದ್ದು ಬೆನ್ನು ಮುರಿದುಕೊಂಡಾಗ ಡಾಕ್ಟರು ಹತ್ತು ದಿನಕ್ಕೆಂದು ಬರೆದುಕೊಟ್ಟಿದ್ದ ನೋವಿನ ಇಂಜೆಕ್ಷನ್ನು, ಬೆನ್ನು ವಾಸಿಯಾದ ಮೇಲೂ ಅವನನ್ನು ಬಿಟ್ಟಿರಲಿಲ್ಲ. ಒಂದು ಹೊತ್ತು ತಪ್ಪಿದರೆ ಕೈ ನಡುಗಿ, ಮೂಗು ಸೋರಿ, ಮಾತು ತೊದಲುತ್ತಿತ್ತು. ಸೂಜಿಯ ಕಲೆಗಳನ್ನು ಮುಚ್ಚಲೆಂದೇ ಆ ಸ್ವೆಟರು. ಈ ಗುಟ್ಟು ಕೊಬ್ಬರಿ ಮಂಡಿಯ ಸಿದ್ದಬಸಪ್ಪನಿಗೆ ತಿಳಿದಿತ್ತು. ಸಿದ್ದಬಸಪ್ಪನ ಬಾಮೈದನದು ಔಷಧದ ಅಂಗಡಿ. ಅಲ್ಲಿಂದ ಡಾಕ್ಟರ ಚೀಟಿಯಿಲ್ಲದೆ, ಬಾಯಿಬಿಟ್ಟು ಕೇಳಬೇಕಾದ ಪ್ರಮೇಯವೂ ಇಲ್ಲದೆ, ವಾರವಾರವೂ ಸೀಸೆಗಳು ಮರುಳಪ್ಪನನ್ನು ತಲುಪುತ್ತಿದ್ದವು. ಪ್ರತಿಯಾಗಿ ಮಂಡಿಯ ಲಾರಿಗಳನ್ನು ಯಾರೂ ತಡೆದು ನೋಡುತ್ತಿರಲಿಲ್ಲ. ಬರೀ ದುಡ್ಡಿನ ಆಸೆಯವನಿಗೆ ಎಂದಾದರೊಂದು ದಿನ ಸಾಕೆನಿಸೀತು. ಇವನಿಗೆ ಸಾಕೆನ್ನುವ ಶಕ್ತಿಯೇ ಉಳಿದಿರಲಿಲ್ಲ.

ತೊಂಬತ್ತನಾಲ್ಕನೆಯ ಇಸವಿಯಲ್ಲಿ, ಹುಲಿಕೆರೆಯಿಂದಾಚೆಯ ಗುಡ್ಡವೊಂದರ ಮೇಲಿದ್ದ ಹಾಳುಬಸದಿಯಿಂದ ಮೊಳದೆತ್ತರದ ಜಿನಬಿಂಬವೊಂದು ಕಾಣೆಯಾಯಿತು. ಪ್ರವಾಸಿಗಳು ಬಸ್ತಿಹಳ್ಳಿಯ ಬಸದಿಗಳನ್ನು ನೋಡಿ ಹಿಂದಿರುಗಿಬಿಡುತ್ತಾರೆ; ಈ ಗುಡ್ಡದತ್ತ ಸುಳಿಯುತ್ತಿದ್ದವನು ಕುರಿ ಕಾಯುವ ಕರಿಯಯ್ಯನೊಬ್ಬನೇ. ಯಾರೂ ಹೇಳದೆ, ಯಾರಿಂದಲೂ ಏನನ್ನೂ ಪಡೆಯದೆ ಅವನು ಅಲ್ಲಿಯ ಅಂಗಳ ಗುಡಿಸುತ್ತಿದ್ದ, ಗೋಡೆಯ ಸಂದಿಯಲ್ಲಿ ಬೆಳೆದ ಅರಳಿ ಸಸಿಗಳನ್ನು ಕೀಳುತ್ತಿದ್ದ. ಊರೊಳಗಿನ ಗುಡಿಯಲ್ಲಿ ಹೊಸ್ತಿಲಿನಾಚೆ ನಿಲ್ಲಬೇಕಾಗಿದ್ದ ಕೇರಿಯವನಿಗೆ, ಯಾರೂ ಪೂಜಿಸದ ಈ ದೇವರ ಬಳಿ ಕೂರಲು ಅಡ್ಡಿಯಿರಲಿಲ್ಲ. ವಿಗ್ರಹ ಕಾಣದಿದ್ದ ದಿನ ಬೆಳಗ್ಗೆ ಏಳು ಮೈಲಿ ನಡೆದುಹೋಗಿ ಪೊಲೀಸರಿಗೆ ತಿಳಿಸಿದವನು ಅವನೇ. ತಿಳಿಸಿದವನನ್ನೇ ಕಳ್ಳನೆಂದು ಬರೆದುಕೊಂಡರು.

ಪಂಚನಾಮೆಗೆ ಓದುಬರಹ ಬಲ್ಲ ಸಾಕ್ಷಿ ಬೇಕೆಂದು ಅಂದು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಹಿಂದಿನ ದಿನ ಮಳೆ ಹನಿದಿದ್ದರಿಂದ ಬಸದಿಯ ಮುಂದಿನ ಮಣ್ಣು ಮೆತ್ತಗಿತ್ತು. ಅದರ ಮೇಲೆ ಇಬ್ಬರ ಬೂಟುಗಾಲಿನ ಗುರುತು, ಗುಡ್ಡದ ಕೆಳಗೆ ವ್ಯಾನಿನ ಚಕ್ರದ ಗುರುತು, ಎಲ್ಲವೂ ಕಣ್ಣಿಗೆ ಹೊಡೆಯುವಂತಿದ್ದವು. ಮರುಳಪ್ಪ ಕುಕ್ಕರಗಾಲಿನಲ್ಲಿ ಕೂತು ಆ ಬೂಟಿನ ಗೆರೆಗಳನ್ನು ತನ್ನ ಡೈರಿಯಲ್ಲಿ ಒಂದೊಂದಾಗಿ ಬರೆದುಕೊಂಡ. ಪಕ್ಕದಲ್ಲಿ ನಿಂತಿದ್ದ ಕರಿಯಯ್ಯ ಜೀವಮಾನದಲ್ಲಿ ಚಪ್ಪಲಿ ಮೆಟ್ಟಿದವನಲ್ಲ. ಅಷ್ಟರಲ್ಲಿ ಮಂಡಿಯ ಗುಮಾಸ್ತನೊಬ್ಬ ಸ್ಕೂಟರಿನಲ್ಲಿ ಬಂದು, ಮರುಳಪ್ಪನನ್ನು ಗೋಡೆಯ ಮರೆಗೆ ಕರೆದು ಏನೋ ಹೇಳಿಹೋದ. ಮರಳಿ ಬಂದವನು ಡೈರಿ ಮುಚ್ಚಿ, ಬೇರೆ ಹಾಳೆಯಲ್ಲಿ ಬರೆಯತೊಡಗಿದ.

"ಮೇಷ್ಟ್ರೇ, ಇಲ್ಲೊಂದು ಸೈನ್ ಹಾಕಿ. ಓದೋದೇನಿಲ್ಲ, ಫಾರ್ಮಾಲಿಟಿ."

"ಏನು ಬರೆದಿದ್ದೀರಿ?"

"ಅದಿರ್ಲಿ, ನಿಮ್ಗೆ ಬೇಲೂರು ಬಸ್ಸಿಗೆ ಹೊತ್ತಾಯ್ತಲ್ವಾ?"

ಹೊತ್ತಾಗಿತ್ತು. ಸಹಿ ಹಾಕಿದೆ. ಕರಿಯಯ್ಯ ತಾನೇ ತೋರಿಸಿದ ಪೊದೆಯೊಳಗಿಂದ ಹಾರೆ ಸಿಕ್ಕಿತೆಂದು ಆ ಹಾಳೆಯಲ್ಲಿತ್ತು. ಹಾರೆಯನ್ನು ನಾನು ಕಂಡಿರಲೇ ಇಲ್ಲ.

ನಾಲ್ಕು ದಿನ ಲಾಠಿಯಿಂದ ಅಂಗಾಲಿಗೆ ಹೊಡೆದು ಕರಿಯಯ್ಯನಿಂದ ತಪ್ಪೊಪ್ಪಿಗೆಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೊಡೆದವನು ಮರುಳಪ್ಪನೇ. ಕೋರ್ಟಿನಲ್ಲಿ ನನ್ನನ್ನು ಒಂದೇ ಪ್ರಶ್ನೆ ಕೇಳಿದರು, ಸಹಿ ನಿಮ್ಮದೇ ಎಂದು. ಹೌದೆಂದು ಹೇಳಿ ಇಳಿದುಬಂದೆ. ಅವನಿಗೆ ಎರಡೂವರೆ ವರ್ಷದ ಸಜೆಯಾಯಿತು, ಜಾಮೀನಿಗೆ ನಿಲ್ಲುವವರು ಯಾರೂ ಇರಲಿಲ್ಲ. ಏಳನೆಯ ತರಗತಿಯಲ್ಲಿದ್ದ ಅವನ ಮಗಳು ಭಾಗ್ಯ, ದೇವರನ್ನು ಕದ್ದವನ ಮಗಳೆಂಬ ಮಾತು ಕೇಳಲಾರದೆ ಶಾಲೆ ಬಿಟ್ಟಳು. ವಿಗ್ರಹಚೋರನನ್ನು ವಾರದೊಳಗೆ ಹಿಡಿದ ದಕ್ಷ ದಫೇದಾರನಿಗೆ ಅರಸೀಕೆರೆಯಲ್ಲಿ ಸನ್ಮಾನವಾಯಿತು. ಶಾಲು ಹೊದಿಸಿದವನು ಸಿದ್ದಬಸಪ್ಪ. ಎರಡನೆಯ ಸಾಲಿನಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಿದೆ. ಕದ್ದ ಬಿಂಬ ಅದೇ ಸಿದ್ದಬಸಪ್ಪನ ಮಂಡಿಯಲ್ಲಿ ಕೊಬ್ಬರಿ ಚೀಲಗಳ ಅಡಿಯಲ್ಲಿದ್ದುದನ್ನು ಮರುಳಪ್ಪ ಕಣ್ಣಾರೆ ಕಂಡಿದ್ದನೆಂಬುದು ನನಗೆ ತಿಳಿದದ್ದು ಬಹಳ ಆಮೇಲೆ.

ತೊಂಬತ್ತೇಳರ ಒಂದು ಮಧ್ಯಾಹ್ನ, ಅರಸೀಕೆರೆಯ ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ಎಂದಿನಂತೆ ಕಾಲುಗಳನ್ನು ನೋಡುತ್ತ ನಡೆಯುತ್ತಿದ್ದ ಮರುಳಪ್ಪನ ಮುಂದೆ ಎರಡು ಬರಿಗಾಲುಗಳು ಬಂದು ನಿಂತವು. ಅಂಗಾಲು ಪೂರ್ತಿ ಊರಲಾಗದೆ ಬದಿಯ ಮೇಲೆ ಭಾರ ಬಿಟ್ಟು ನಿಂತ ಕಾಲುಗಳವು. ಯಾರವೆಂದು ತಿಳಿಯಲು ಅವನು ತಲೆಯೆತ್ತಬೇಕಾಗಿರಲಿಲ್ಲ. ಜೈಲಿನಿಂದ ಬಿಡುಗಡೆಯಾಗಿ ಊರಿಗೆ ಹೊರಟಿದ್ದ ಕರಿಯಯ್ಯ ಬಯ್ಯಲಿಲ್ಲ, ಶಪಿಸಲಿಲ್ಲ.

"ಸಾಮಿ, ಆ ದ್ಯಾವ್ರು ಸಿಕ್ತಾ?" ಎಂದು ಕೇಳಿದನಂತೆ.

"ಇಲ್ಲ ಕಣಯ್ಯ."

"ಹುಡುಕ್ರಪ್ಪ. ಎಲ್ಲೈತೋ ಏನೋ, ಪಾಪ."

ಅಷ್ಟೇ ಹೇಳಿ ಕುಂಟುತ್ತ ಬಸ್ಸಿನ ಕಡೆ ಹೋದ. ಅದರಲ್ಲಿ ಎಳ್ಳಷ್ಟೂ ವ್ಯಂಗ್ಯವಿರಲಿಲ್ಲವೆಂದು ಮರುಳಪ್ಪ ನನಗೆ ಮತ್ತೆ ಮತ್ತೆ ಹೇಳಿದ್ದುಂಟು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎನ್ನುತ್ತಿದ್ದ. ಆ ದಿನವೇ ಮನೆಗೆ ಹೋಗಿ ಹೆಂಡತಿ ರುಕ್ಮಿಣಮ್ಮನ ಮುಂದೆ ಸ್ವೆಟರು ಬಿಚ್ಚಿ ತೋಳು ತೋರಿಸಿದ. ಆಕೆ ಸೀಸೆಗಳನ್ನೆಲ್ಲ ಬಚ್ಚಲಿನಲ್ಲಿ ಒಡೆದಳು. ಮೂರನೆಯ ದಿನ ಅವನು ಆಕೆಯ ಕಾಲು ಹಿಡಿದು ಬೇಡಿ, ಆಕೆ ಹಾಕಿದ್ದ ಬಾಗಿಲ ಬೀಗ ಮುರಿದು, ಮತ್ತೆ ಅದೇ ಅಂಗಡಿಗೆ ಹೋದ. ಇನ್ನೊಮ್ಮೆ ಬಿಟ್ಟ, ಇನ್ನೊಮ್ಮೆ ಹೋದ. "ಸತ್ರೆ ಮನುಷ್ಯನಾಗಿ ಸಾಯ್ರಿ, ಆ ಮಂಡಿಯೋನ ಆಳಾಗಿ ಸಾಯ್ಬೇಡಿ" ಎಂದು ಆಕೆ ದೂರದ ಊರಿನ ಆಸ್ಪತ್ರೆಯೊಂದಕ್ಕೆ ಅವನನ್ನು ಸೇರಿಸಿ, ನಲವತ್ತು ದಿನ ವಾರ್ಡಿನ ಬಾಗಿಲಲ್ಲಿ ಚಾಪೆ ಹಾಸಿಕೊಂಡು ಕೂತಳು. ಅಲ್ಲಿಂದ ಅರ್ಧ ಮೈಯಾಗಿ ಬಂದವನು ಮತ್ತೆ ಸೂಜಿ ಮುಟ್ಟಲಿಲ್ಲ.

ಮೊದಲು ಬಂದದ್ದು ನನ್ನ ಮನೆಗೆ. ತೊಂಬತ್ತೆಂಟರ ಬೇಸಗೆ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಕೋರ್ಟಿಗೆ ಹೋಗಿ ನಿಜ ಹೇಳ್ತೀನಿ. ನೀವೂ ಜೊತೆಗೆ ಬನ್ನಿ ಮೇಷ್ಟ್ರೇ. ನಾನೊಬ್ನೇ ಹೇಳಿದ್ರೆ ಅಮಲಿನೋನ ಮಾತು ಅಂತಾರೆ. ಆ ಬೂಟಿನ ಗುರುತು ನೀವೂ ನೋಡಿದ್ರಿ."

ನಾನು ಮಗಳು ಹಿತಾಳ ಮದುವೆಯ ಮಾತೆತ್ತಿದೆ, ಹತ್ತಿರ ಬಂದಿದ್ದ ಬಡ್ತಿಯ ಮಾತೆತ್ತಿದೆ, ಒಂದು ವರ್ಷ ಹೋಗಲಿ ಎಂದೆ.

"ನಾನೂ ಹಂಗೇ ಅಂದ್ಕಂಡಿದ್ದೆ" ಎಂದು ಹೇಳಿ ಹೊರಟುಹೋದ. ನಾನು ಕೈಕೊಟ್ಟದ್ದರಿಂದ ಅವನ ಧೈರ್ಯವೂ ಕುಸಿಯಿತು. ಹೀಗೆ ಇಬ್ಬರು ಓದುಬಲ್ಲ ಗಂಡಸರು ತಮ್ಮತಮ್ಮ ಮನೆಯಲ್ಲಿ ಕೂತು ಕಾಲಹರಣ ಮಾಡುತ್ತಿದ್ದಾಗ, ಜೈಲಿನಿಂದ ಹೊತ್ತುತಂದ ಕ್ಷಯದಿಂದ ಕರಿಯಯ್ಯ ತೊಂಬತ್ತೊಂಬತ್ತರಲ್ಲಿ ತೀರಿಕೊಂಡ. ಕಳ್ಳನೆನಿಸಿಕೊಂಡೇ ತೀರಿಕೊಂಡ.

ಜೈಲಿನಲ್ಲಿದ್ದಾಗ ಅವನ ಹೆಸರಿನಲ್ಲಿ ಹಾಕಿದ್ದ ಮೇಲ್ಮನವಿ ಮಾತ್ರ ಮೇಲಿನ ಕೋರ್ಟಿನಲ್ಲಿ ಇನ್ನೂ ಧೂಳು ತಿನ್ನುತ್ತಿತ್ತು. ಹೆಂಡತಿ ಗಿಡ್ಡಮ್ಮ ಅದನ್ನು ಬಿಡಲೊಲ್ಲಳು. ಅವರ ಕೇರಿಯವನೇ ಆದ ನಟರಾಜ್ ಎಂಬ ಯುವ ವಕೀಲ ಅದನ್ನು ಮುಂದುವರಿಸಿದ. ಎರಡು ಸಾವಿರದ ಇಸವಿಯಲ್ಲಿ ಮರುಳಪ್ಪ ಯಾರನ್ನೂ ಕಾಯದೆ ಅದೇ ನಟರಾಜನ ಕಚೇರಿಗೆ ಹೋಗಿ, ಆರು ವರ್ಷ ಬಚ್ಚಿಟ್ಟಿದ್ದ ಡೈರಿಯ ಹಾಳೆಯನ್ನು ಮೇಜಿನ ಮೇಲಿಟ್ಟ. ಕಟಕಟೆಯಲ್ಲಿ ನಿಂತು ಬೂಟಿನ ಗುರುತಿನಿಂದ ಹಿಡಿದು ಲಾಠಿಯವರೆಗೆ, ಮಂಡಿಯಲ್ಲಿ ಕಂಡ ಬಿಂಬದಿಂದ ಹಿಡಿದು ಔಷಧದ ಸೀಸೆಯವರೆಗೆ ಎಲ್ಲವನ್ನೂ ಹೇಳಿದ. ಎದುರು ಪಕ್ಷದ ವಕೀಲರು ತೋಳು ಮೇಲೇರಿಸಿ ತೋರಿಸಲು ಹೇಳಿದರು. ತೋರಿಸಿದ.

"ಇಂಥ ಕೈಯವನ ಮಾತನ್ನು ನಂಬಬೇಕೇ?" ಎಂದು ಅವರು ನಕ್ಕರು.

"ಈ ಕೈ ಬರ್ದ ಸುಳ್ಳನ್ನ ನಂಬಿದ್ರಲ್ಲ ಸ್ವಾಮಿ" ಎಂದ ಮರುಳಪ್ಪ.

ಮುಂದಿನ ವಿಚಾರಣೆಯಲ್ಲಿ ನಾನೂ ಕಟಕಟೆ ಹತ್ತಿದೆ. ಅದನ್ನು ಧೈರ್ಯವೆಂದು ಕರೆಯಲಾರೆ. ಅಷ್ಟು ಹೊತ್ತಿಗೆ ಮಗಳ ಮದುವೆಯೂ ಆಗಿತ್ತು, ಬಡ್ತಿಯೂ ಬಂದಿತ್ತು.

ಎರಡು ವರ್ಷದ ಮೇಲೆ ಕರಿಯಯ್ಯ ನಿರ್ದೋಷಿಯೆಂಬ ಆದೇಶ ಹೊರಬಿತ್ತು. ಬಿಂಬ ಸಿಗಲಿಲ್ಲ. ಸಿದ್ದಬಸಪ್ಪನ ಮೇಲೆ ಸಾಕಷ್ಟು ಪುರಾವೆಯಿಲ್ಲವೆಂದು ಅವನು ಕೂದಲು ಕೊಂಕದೆ ಉಳಿದು, ಮರುವರ್ಷವೇ ಯಾವುದೋ ಸಂಘದ ಅಧ್ಯಕ್ಷನಾದ. ಎಲ್ಲ ತಿಳಿದೂ ಕಣ್ಣು ಮುಚ್ಚಿ ಕೂತಿದ್ದ ಮರುಳಪ್ಪನ ಮೇಲಧಿಕಾರಿ ನೆಮ್ಮದಿಯಾಗಿ ನಿವೃತ್ತನಾದ. ನನಗೆ ನ್ಯಾಯಾಧೀಶರಿಂದ ನಾಲ್ಕು ಬಿರುನುಡಿ ಸಿಕ್ಕವು, ಅಷ್ಟೇ. ಮರುಳಪ್ಪನೊಬ್ಬನು ಕೆಲಸ, ಪಿಂಚಣಿ ಎರಡನ್ನೂ ಕಳೆದುಕೊಂಡು ಒಂದು ವರ್ಷ ಜೈಲಿನಲ್ಲಿದ್ದು ಬಂದ. ಲಂಚ ತಿನ್ನುತ್ತಿದ್ದಾಗ ಎದ್ದು ನಿಂತು ಕೈಮುಗಿಯುತ್ತಿದ್ದ ಪೇಟೆಯ ಗಣ್ಯರು ಈಗ ಅವನು ಹೋಟೆಲಿಗೆ ಕಾಲಿಟ್ಟರೆ ಮೇಜು ಬದಲಾಯಿಸುತ್ತಿದ್ದರು. "ಉಂಡ ಮನೆಗೆ ದ್ರೋಹ ಮಾಡ್ದೋನು ಕಣ್ರೀ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದವರುಂಟು. ಉಂಡ ಮನೆ ಯಾವುದು, ದ್ರೋಹವಾದದ್ದು ಯಾರಿಗೆ ಎಂದು ನಾನು ಕೂಗಿ ಕೇಳಬೇಕಿತ್ತು. ಕಾಫಿ ಕುಡಿದು ಎದ್ದುಬಂದೆ.

ಜೈಲಿನಿಂದ ಬಂದವನು ಆದೇಶದ ನಕಲನ್ನು ಗಿಡ್ಡಮ್ಮನಿಗೆ ತಾನೇ ಒಪ್ಪಿಸಬೇಕೆಂದು ಹೊರಟಾಗ ನಾನೂ ಜೊತೆಗೆ ಹೋದೆ. ಆಕೆ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಮೊರ ಹಿಡಿದ ಕೈ ನಿಲ್ಲಲಿಲ್ಲ.

"ಅಲ್ಲಿಕ್ಕಿ ಹೋಗಿ. ಓದಿ ಹೇಳಕ್ಕೆ ಮಗಳವ್ಳೆ" ಎಂದಳು. ಆಮೇಲೆ ಮರುಳಪ್ಪನನ್ನು ನೇರವಾಗಿ ನೋಡಿ, "ನೀವು ನಿಜ ಹೇಳಿದ್ದು ನಿಮ್ಗಾಗಿ. ನಾನು ಕ್ಷಮಿಸ್ದೆ ಅಂತ ಮಾತ್ರ ಎಲ್ಲೂ ಹೇಳ್ಕಬ್ಯಾಡಿ."

"ಇಲ್ಲ ಕಣಮ್ಮ" ಎಂದ ಅವನು.

ಆಕೆ ನನ್ನತ್ತ ತಿರುಗಿದಳು. "ಮೇಷ್ಟ್ರೇ, ನೀವು ಓದ್ದೋರು. ಅವತ್ತು ಓದ್ಲಿಲ್ವಾ?"

ಆದೇಶದ ನಕಲನ್ನು ಜಗಲಿಯ ಮೇಲಿಟ್ಟು ಇಬ್ಬರೂ ಹೊರಟುಬಂದೆವು.

ಕೊನೆಯ ಮೂರು ವರ್ಷ ಮರುಳಪ್ಪ ಬೇಲೂರಿನಲ್ಲಿ, ತಾಲ್ಲೂಕು ಕಚೇರಿಯ ಎದುರಿನ ಮರದಡಿ ಸ್ಟೂಲು ಹಾಕಿಕೊಂಡು ಬಡವರ ಅರ್ಜಿ ಬರೆದುಕೊಟ್ಟು ಜೀವನ ಸಾಗಿಸಿದ. ಬರೆದದ್ದನ್ನು ಗಟ್ಟಿಯಾಗಿ ಎರಡು ಸಲ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳುತ್ತಿರಲಿಲ್ಲ. ಅವಸರದವರು ಬೈದುಕೊಂಡು ಬೇರೆಯವರ ಬಳಿ ಹೋಗುತ್ತಿದ್ದರು. ಎರಡು ಸಾವಿರದ ಆರರಲ್ಲಿ ಅವನು ತೀರಿಕೊಂಡಾಗ ಅವನ ಇಲಾಖೆಯಿಂದ ಒಬ್ಬರೂ ಬರಲಿಲ್ಲ. ನಟರಾಜ್ ಬಂದಿದ್ದ, ಹೆಗಲು ಕೊಟ್ಟ.

ಅವನನ್ನು ಪುಣ್ಯಾತ್ಮನೆಂದು ಕರೆಯಲು ನಾನು ಸಿದ್ಧನಿಲ್ಲ. ಇಂಥವರ ಪಶ್ಚಾತ್ತಾಪ ಎಷ್ಟೇ ನಿಜವಾಗಿರಲಿ, ಅದು ಮಾಗುವ ತನಕ ಕಾಯುತ್ತ ಪ್ರಾಣ ತೆತ್ತವರು ಬೇರೆಯವರಾಗಿರುತ್ತಾರೆ. ಆ ಲೆಕ್ಕ ಯಾವ ಕೋರ್ಟಿನಲ್ಲೂ ಚುಕ್ತಾ ಆಗುವುದಿಲ್ಲ. ಆದರೂ ಇಂಥವರು ನಮ್ಮ ನಡುವೆ ಬೆರಳೆಣಿಕೆಯಷ್ಟೇ ಇರುವುದೇಕೆಂದು ಯೋಚಿಸಿದರೆ ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬರುತ್ತವೆ. ನಮ್ಮಲ್ಲಿ ತಪ್ಪಿತಸ್ಥರಿಗೇನೂ ಬರವಿಲ್ಲ. ಒಪ್ಪಿಕೊಂಡವನೊಬ್ಬನನ್ನು ಹಿಡಿದು ಶಿಕ್ಷಿಸಿಬಿಟ್ಟು, ಉಳಿದ ನಾವೆಲ್ಲ ಅವನ ಶಿಕ್ಷೆಯ ನೆರಳಿನಲ್ಲಿ ತಣ್ಣಗೆ ಕೂರುವುದನ್ನು ಕಲಿತಿದ್ದೇವೆ.