ಹಳೇ ಬೆಳೆಯ ಕಾಗದ

ಬೆಳಗ್ಗೆ ಎಂಟಕ್ಕೆ ಬಿಚ್ಚಿದ ಪೆಟ್ಟಿಗೆ ಹನ್ನೆರಡಾದರೂ ಕಣ್ಣು ತೆರೆಯಲಿಲ್ಲ. ಗೌಹರ್ ಸ್ವಿಚ್ ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. ಇಪ್ಪತ್ತಾರು ಡಿಗ್ರಿ ಎಂದು ಕೆಂಪಗೆ ಹೊಳೆಯಬೇಕಾದ ಜಾಗ ಕಪ್ಪಗೇ ಕೂತಿತ್ತು. ಈ ಹಾಳಾದ್ದಕ್ಕೆ ಮುನಿಸು ಬರುವುದಾದರೆ ನಿನ್ನೆ ಬರಬಾರದಿತ್ತಾ, ನಾಳೆ ಬರಬಾರದಿತ್ತಾ? ಇವತ್ತೇ ಆಗಬೇಕಿತ್ತಾ?

ಇವತ್ತು ಮೂರು ಗಂಟೆಗೆ ಮಂಚೇನಹಳ್ಳಿಯ ವೆಂಕಟರವಣಪ್ಪ ಬರುವವರಿದ್ದರು, ಈ ಪೆಟ್ಟಿಗೆಯನ್ನೇ ನೋಡಲು. ಅವರದು ಆರು ಕೋಣೆಗಳ ದೊಡ್ಡ ಚಾಕಿಮನೆ. ರೇಷ್ಮೆ ಮೊಟ್ಟೆ ಒಡೆಸಿ, ಮರಿಹುಳುಗಳನ್ನು ಎರಡು ಜ್ವರ, ಅಂದರೆ ಎರಡು ಸಲ ಪೊರೆ ಬಿಡುವುದು, ದಾಟುವವರೆಗೆ ಸಾಕಿ, ರೈತರಿಗೆ ಕೊಡುವ ಕಸುಬು. ಮೊಟ್ಟೆ ಕೋಣೆಯಲ್ಲಿ ಬಿಸಿ ಇಷ್ಟೇ ಇರಬೇಕು, ತೇವ ಇಷ್ಟೇ ಇರಬೇಕು. ಅದನ್ನು ತಾನೇ ನೋಡಿಕೊಂಡು, ಬೇಕಾದಾಗ ಹೀಟರ್ ಹಾಕಿ, ಬೇಕಾದಾಗ ನೀರು ಚಿಮುಕಿಸುವ ಪೆಟ್ಟಿಗೆ ಇದು. ಒಳಗೊಂದು ಪುಟ್ಟ ಪ್ರೊಸೆಸರ್ ಬೋರ್ಡು. ಡಿಪ್ಲೊಮಾ ಮುಗಿಸಿದ ಮೇಲೆ ಗೌಹರ್ ಒಂದು ವರ್ಷ ಕೂತು ಬೆಸುಗೆ ಹಾಕಿ ಮಾಡಿದ್ದಳು. ಮೊದಲನೆಯದಾದ ಇದನ್ನು ನಂಬಿ ತಮ್ಮ ಚಾಕಿಮನೆಯ ಗೋಡೆಗೆ ಹಾಕಿಸಿಕೊಂಡವರು ಮೇಲೂರಿನ ಅಕ್ಕಯ್ಯಮ್ಮ. ಎರಡು ಬೆಳೆ ಅದು ಒಂದೇ ಒಂದು ದಿನ ತಪ್ಪದೆ ಕೆಲಸ ಮಾಡಿತ್ತು.

ವೆಂಕಟರವಣಪ್ಪ ಒಪ್ಪಿದರೆ ಗೌಹರಳ ಮೇಜು ಉಳಿಯುತ್ತಿತ್ತು. ಮೇಜು ಅಂದರೆ ಶಿಡ್ಲಘಟ್ಟದ ಮೆಹಬೂಬ್ ರೇಡಿಯೋ ವರ್ಕ್ಸ್‌ನಲ್ಲಿ ಅವಳ ಅಬ್ಬಾ ಮೂವತ್ತು ವರ್ಷ ಕೂತಿದ್ದ ಮೇಜು, ಸುಟ್ಟ ಕಲೆಗಳು ತುಂಬಿದ್ದು. ಅಬ್ಬಾ ತೀರಿಕೊಂಡ ಮೇಲೆ ಅಂಗಡಿ ನಡೆಸುತ್ತಿದ್ದವನು ಅಣ್ಣ ಅಸದುಲ್ಲಾ. ಅರ್ಧ ಅಂಗಡಿ ಬಿಟ್ಟುಕೊಡಿ ಅಂತ ಕ್ಯಾಸೆಟ್ಟಿನವನೊಬ್ಬ ದಿನಾ ಬಂದು ಪೀಡಿಸುತ್ತಿದ್ದ. ಅಣ್ಣ ಕೆಟ್ಟವನೇನಲ್ಲ, ಆದರೆ ಮಾತು ಖಡಾಖಂಡಿತ. "ಒಂದು ಆರ್ಡರ್ ತಂದು ತೋರಿಸು, ಮೇಜು ನಿಂದು. ಇಲ್ಲಾಂದ್ರೆ ಮುಂದಿನ ತಿಂಗಳು ಕ್ಯಾಸೆಟ್ಟಿನೋನಿಗೆ," ಎಂದಿದ್ದ. ಈಗ ಅಕ್ಕಯ್ಯಮ್ಮನ ಚಾಕಿಮನೆಯ ಹೊರಗಡೆ ಹುಣಸೆಮರದ ಕೆಳಗೆ ಸ್ಕೂಟರಿಗೆ ಒರಗಿಕೊಂಡು ಗಳಿಗೆಗೊಮ್ಮೆ ವಾಚು ನೋಡುತ್ತಾ ನಿಂತಿದ್ದ.

"ಏನಾಯ್ತು?" ಎಂದು ಕೂಗಿದ.

"ನೋಡ್ತಿದೀನಿ ಭಾಯ್!"

"ಬೆಳಗ್ಗಿಂದ ನೋಡ್ತಾನೇ ಇದೀಯ."

ಅವನನ್ನು ಹೊರಗೇ ನಿಲ್ಲಿಸಿದವರು ಅಕ್ಕಯ್ಯಮ್ಮ. ಹುಳದ ಮನೆಗೆ ಬೇಕಾದವರೆಲ್ಲ ನುಗ್ಗುವ ಹಾಗಿಲ್ಲ. ಚಪ್ಪಲಿ ಬಿಟ್ಟು, ಹೊಸಲಲ್ಲಿ ಹಾಸಿದ ಸುಣ್ಣ ತುಳಿದು, ಬ್ಲೀಚಿಂಗ್ ನೀರಲ್ಲಿ ಮೊಣಕೈವರೆಗೆ ತೊಳೆದುಕೊಂಡೇ ಒಳಗೆ ಬರಬೇಕು. ಬೆಳಗ್ಗಿನಿಂದ ಐದು ಸಲ ತೊಳೆದು ಗೌಹರಳ ಕೈ ಬೆಳ್ಳಗೆ ಸುಕ್ಕಾಗಿತ್ತು.

ಅಕ್ಕಯ್ಯಮ್ಮನಿಗೆ ಮಾತಾಡಲೂ ಪುರುಸೊತ್ತಿಲ್ಲ. ಮೊಟ್ಟೆಗಳು ನೀಲಿ ತಿರುಗಿದ್ದವು, ಇನ್ನೆರಡು ದಿನಕ್ಕೆ ಒಡೆಯುತ್ತವೆ. ಹೊರಗೆ ಮೇ ತಿಂಗಳ ಒಣ ಬಿಸಿಲು. ಪೆಟ್ಟಿಗೆ ಕೈಕೊಟ್ಟಿದ್ದರಿಂದ ಗೋಣಿಚೀಲ ನೆನೆಸಿ ನೆನೆಸಿ ಕಿಟಕಿಗೆ ಕಟ್ಟುತ್ತಿದ್ದರು. ನೆನೆಸಿದ್ದು ಅರ್ಧ ಗಂಟೆಗೆ ಒಣಗುತ್ತಿತ್ತು.

"ಮೊಟ್ಟೆ ಬಗ್ಗೆ ನೀನು ಚಿಂತೆ ಮಾಡ್ಬೇಡ ಕಣಮ್ಮ," ಎಂದರು ಅಕ್ಕಯ್ಯಮ್ಮ. "ಇಪ್ಪತ್ತು ವರ್ಷ ಗೋಣಿಚೀಲದಲ್ಲೇ ಮಾಡಿದ್ದು ನಾನು. ನೀನು ನಿನ್ನ ಪೆಟ್ಟಿಗೆ ನೋಡ್ಕೊ."

ಸಮಾಧಾನಕ್ಕೆ ಹೇಳಿದ ಮಾತು ಗೌಹರಳಿಗೆ ಚುರುಕ್ಕೆಂದಿತು. ಗೋಣಿಚೀಲವೇ ಸಾಕಾಗುವುದಾದರೆ ಅವಳ ಪೆಟ್ಟಿಗೆ ಯಾರಿಗೆ ಬೇಕು?

ಮೀಟರ್ ಹಿಡಿದು ಮತ್ತೊಮ್ಮೆ ಮೊದಲಿಂದ ಬಂದಳು. ಫ್ಯೂಸ್ ಸರಿ. ಟ್ರಾನ್ಸ್‌ಫಾರ್ಮರ್ ಸರಿ. ಬೋರ್ಡಿಗೆ ಹೋಗುವ ಐದು ವೋಲ್ಟು ಸೊಲ್ಲೆತ್ತದೆ ಬರುತ್ತಿತ್ತು. ರೀಸೆಟ್ ಗುಂಡಿಯೂ ಸರಿ. ಬೋರ್ಡನ್ನು ಬೆನ್ನು ಮೇಲೆ ಮಾಡಿ ಪೆಟ್ಟಿಗೆಯೊಳಗೆ ಕೂರಿಸಿದ್ದಳಾದ್ದರಿಂದ ಬೆಸುಗೆಗಳೆಲ್ಲ ಕಣ್ಣ ಮುಂದೆಯೇ ಇದ್ದವು. ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿದಳು. ಅನುಮಾನ ಬಂದ ನಾಲ್ಕಕ್ಕೆ ಮತ್ತೆ ಕಾವು ಕೊಟ್ಟಳು. ನನ್ನ ಲೆಕ್ಕವೇ ತಪ್ಪಿತ್ತೇನೋ, ಎರಡು ಬೆಳೆ ನಡೆದದ್ದು ಅದೃಷ್ಟವೇನೋ, ಭಾಯ್ ಹೇಳಿದ್ದೇ ಸರಿಯೇನೋ. ನಿಂತಲ್ಲಿ ನಿಲ್ಲಲಾರದೆ ಬಾಗಿಲಿಗೂ ಗೋಡೆಗೂ ಎಡತಾಕಿದಳು.

ಆಮೇಲೆ ಅಬ್ಬಾನ ಟ್ರಾನ್ಸಿಸ್ಟರ್ ನೆನಪಾಯಿತು. ಚೀಲದಿಂದ ತೆಗೆದು, ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಬೋರ್ಡಿನ ಪಕ್ಕ ಹಿಡಿದಳು. ಪ್ರೊಸೆಸರ್ ಕೆಲಸ ಮಾಡುವಾಗ ಅದರ ಗದ್ದಲ ರೇಡಿಯೋದಲ್ಲಿ ಕೇಳುತ್ತದೆ. ಒಮ್ಮೆ ಏರಿ, ಒಮ್ಮೆ ಇಳಿದು, ನಡುವೆ ಟಕ್ ಅಂದು, ತನ್ನ ಪಾಡಿಗೆ ಗೊಣಗುತ್ತಿರುತ್ತದೆ. ಅವಳು ಅದನ್ನು ಎಷ್ಟೋ ದಿನ ಕೇಳಿದ್ದಳು. ಇವತ್ತು ಕೇಳಿದ್ದು ಒಂದೇ ಸಮನೆ ಕೊಯ್ಯ್ ಎನ್ನುವ ಸದ್ದು. ಏರೂ ಇಲ್ಲ, ಇಳಿತವೂ ಇಲ್ಲ.

ಗೌಹರ್ ರೇಡಿಯೋವನ್ನು ಇನ್ನೂ ಹತ್ತಿರ ತಂದಳು. ಜೀವ ಇದೆ! ಬೆಸುಗೆ ಬಿಟ್ಟಿಲ್ಲ, ಏನೂ ಸುಟ್ಟಿಲ್ಲ. ಏನು ಮಾಡಬೇಕು ಅನ್ನುವುದು ಮಾತ್ರ ಅದಕ್ಕೆ ಮರೆತುಹೋಗಿದೆ. ಮಾಡಬೇಕಾದ್ದನ್ನೆಲ್ಲ ಬರೆದಿಟ್ಟ ಮೆಮೊರಿ ಚಿಪ್ಪು ಬೋರ್ಡಿನ ಆ ಕಡೆಯಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ಬೋರ್ಡನ್ನು ಮಗುಚಿದಳು.

ಆ ಚಿಪ್ಪಿನ ನೆತ್ತಿಯಲ್ಲೊಂದು ಪುಟ್ಟ ಗಾಜಿನ ಕಿಟಕಿ. ಅದರೊಳಕ್ಕೆ ಬಿಸಿಲು ಬೀಳಬಾರದು. ದಿನಗಟ್ಟಲೆ ಬಿದ್ದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಅವಳು ಕಿಟಕಿಯ ಮೇಲೆ ಅಂಗಡಿಯ ಹೆಸರಿದ್ದ ಕಾಗದದ ಚೀಟಿ ಅಂಟಿಸಿದ್ದಳು. ಈಗ ಚೀಟಿ ಇರಲಿಲ್ಲ. ಯಾರೋ ಉಗುರಿನಿಂದ ಕೆರೆದು, ಬಟ್ಟೆಯಿಂದ ಒರೆಸಿದ್ದ ಗಾಜು ಫಳಫಳ ಅನ್ನುತ್ತಿತ್ತು.

"ಅಮ್ಮಾ, ಇದರ ಮೇಲೊಂದು ಕಾಗದ ಇತ್ತಲ್ಲ?"

"ಇತ್ತು. ಮುಚ್ಚಳದ ಮೇಲೂ ಒಂದಿತ್ತು," ಎಂದರು ಅಕ್ಕಯ್ಯಮ್ಮ, ಗೋಣಿ ಹಿಂಡುತ್ತಾ. "ಮೊದಲ್ನೇ ಬೆಳೆ ಮುಗಿದಾಗ ಪುರುಸೊತ್ತಾಗಿರ್ಲಿಲ್ಲ, ಈ ಸಲ ನಾನೇ ಸ್ಕ್ರೂ ಬಿಚ್ಚಿ ಎರಡೂ ಕಿತ್ತು ಸುಟ್ಟೆ. ಹಳೇ ಬೆಳೆ ಕಾಗದ ಹೊಸ ಬೆಳೆಗೆ ಇಡ್ತಾರೇನಮ್ಮಾ? ಅದರಲ್ಲೇ ಅಲ್ವಾ ಹುಳ ಕೊಲ್ಲೋ ಹಾಲುತೊಂಡೆ ರೋಗ ಉಳ್ಕೊಳ್ಳೋದು? ಆಮೇಲೆ ಬೋರ್ಡು ಮಗುಚಿಟ್ಟು, ಹುಳದ ತಟ್ಟೆಗಳ ಜತೆ ಮಾಳಿಗೆ ಮೇಲೆ ಹದಿನೈದು ದಿನ ಬಿಸಿಲಿಗಿಟ್ಟೆ. ದಿನಾ ಧೂಳು ಹೊಡೆದು, ಸಂಜೆ ಒಳಗೆ ತಂದು, ಮಗೂ ಥರ ನೋಡ್ಕೊಂಡೆ."

ಎಂಥಾ ಕೆಲಸ ಮಾಡಿದಿರಿ ಅನ್ನಬೇಕೆಂದಿದ್ದಳು ಗೌಹರ್. ಆದರೆ ಪೆಟ್ಟಿಗೆ ಹಾಕಿದ ದಿನ ಇದೇ ಕೋಣೆಯಲ್ಲಿ ನಿಂತು, ನಾನೂ ರೇಷ್ಮೆ ಊರಿನೋಳೇ ಎಂಬ ಜಂಬದಲ್ಲಿ, ಅವಳು ಏನೆಂದಿದ್ದಳು? "ಹೆದರ್ಬೇಡಿ ಅಮ್ಮಾ, ನಿಮ್ಮ ತಟ್ಟೆ ಹೆಂಗೋ ಇದೂ ಹಂಗೇ." ಚೀಟಿ ಯಾಕಿದೆ ಅಂತ ಒಂದು ಮಾತು ಹೇಳಿರಲಿಲ್ಲ. ಬೆಳೆ ಮುಗಿದ ಮೇಲೆ ತಟ್ಟೆಯ ಕಾಗದ ಸುಟ್ಟು ತಟ್ಟೆ ಬಿಸಿಲಿಗಿಡುವುದು ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಅವಳಿಗೂ ಗೊತ್ತಿತ್ತು.

"ಯಾಕಮ್ಮಾ, ಮುಖ ಹಿಂಗಾಯ್ತು? ನಾನೇನಾದ್ರೂ ತಪ್ಪು ಮಾಡಿದ್ನಾ?"

ಗೌಹರ್ ಉತ್ತರ ಕೊಡುವ ಮೊದಲೇ ಹೊರಗೆ ಜೀಪು ನಿಂತ ಸದ್ದಾಯಿತು. ವೆಂಕಟರವಣಪ್ಪ ಅರ್ಧ ಗಂಟೆ ಮೊದಲೇ ಬಂದಿದ್ದರು. ಚಪ್ಪಲಿ ಬಿಟ್ಟು, ಸುಣ್ಣ ತುಳಿದು, ಹೇಳಿಸಿಕೊಳ್ಳದೆ ಕೈ ತೊಳೆದುಕೊಂಡು ಬಂದರು. ಈ ಸಲ ಅಸದುಲ್ಲಾನೂ ತೊಳೆದುಕೊಂಡು ಹಿಂದೆಯೇ ಬಂದ.

"ಏನಮ್ಮಾ, ನಿನ್ನ ಮಿಷನ್ ಮಲಗಿಬಿಟ್ಟಿದೆ?" ಎಂದರು ವೆಂಕಟರವಣಪ್ಪ.

"ವೋಲ್ಟೇಜ್ ಸಾರ್," ಎಂದ ಅಸದುಲ್ಲಾ ಥಟ್ಟನೆ. "ಈ ಲೈನಲ್ಲಿ ವೋಲ್ಟೇಜ್ ಒಂದು ಗಳಿಗೆ ಇದ್ದಂಗೆ ಇನ್ನೊಂದು ಗಳಿಗೆ ಇರಲ್ಲ. ನಿಮಗೆ ಗೊತ್ತಲ್ಲ."

ಒಳ್ಳೆಯ ಸುಳ್ಳು. ವೋಲ್ಟೇಜನ್ನು ಬೈದರೆ ನಂಬದವರು ಆ ಕಾಲದಲ್ಲಿ ಯಾರಿದ್ದರು? ವೆಂಕಟರವಣಪ್ಪ ಆಗಲೇ ಹೌದೆಂದು ತಲೆಯಾಡಿಸುತ್ತಿದ್ದರು. ಗೌಹರ್ ಹೂಂ ಅಂದರೆ ಸಾಕಿತ್ತು. ಮೇಜು, ಮೇಜಿನ ಮೇಲಿನ ಕಲೆಗಳು, ಅಬ್ಬಾನ ಕುರ್ಚಿ ಎಲ್ಲ ಅವಳ ಕಣ್ಣ ಮುಂದೆ ಬಂದವು. ಹೂಂ ಅಂದರೆ ಆರು ಪೆಟ್ಟಿಗೆ ಮಂಚೇನಹಳ್ಳಿಗೆ ಹೋಗುತ್ತವೆ, ಅಲ್ಲಿಯ ಹೆಂಗಸರು ಆರರ ಕಾಗದವನ್ನೂ ಕಿತ್ತು ಸುಡುತ್ತಾರೆ.

"ವೋಲ್ಟೇಜ್ ಅಲ್ಲ ಸಾರ್," ಎಂದಳು. "ತಪ್ಪು ನಂದು. ಹುಳದ ಮನೆಗೆ ಮಾಡಿದ ಪೆಟ್ಟಿಗೇಲಿ ಕಾಗದ ಅಂಟಿಸಿದ್ದೆ." ಚಿಪ್ಪು ತೋರಿಸಿ ಎಲ್ಲ ಹೇಳಿದಳು. ಕಾಗದ, ಬಿಸಿಲು, ಅಳಿಸಿಹೋದ ಬರಹ, ಒಂದನ್ನೂ ಬಿಡಲಿಲ್ಲ. ಅಸದುಲ್ಲಾ ಹಣೆ ಹಣೆ ಚಚ್ಚಿಕೊಂಡ.

"ಅಯ್ಯೋ ದೇವುಡಾ," ಎಂದರು ಅಕ್ಕಯ್ಯಮ್ಮ. ಹಿಂಡುತ್ತಿದ್ದ ಗೋಣಿ ಕೈಜಾರಿತು. "ನಾನೇ ಕೈಯಾರೆ ಕೊಂದ್ನೇನಮ್ಮಾ?"

"ಇಲ್ಲಮ್ಮಾ. ನೀವು ಮಾಡಿದ್ದು ಸರಿ. ನಾನು ಹೇಳ್ಬೇಕಿತ್ತು."

ವೆಂಕಟರವಣಪ್ಪ ಚಿಪ್ಪನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನಾನಾಗಿದ್ರೂ ಕಿತ್ತು ಸುಡ್ತಿದ್ದೆ," ಎಂದರು ಕೊನೆಗೆ. "ಇವತ್ತು ಆರ್ಡರ್ ಕೊಡಲ್ಲಮ್ಮ, ಸುಮ್ನೆ ಆಸೆ ಹುಟ್ಟಿಸಲ್ಲ. ಒರೆಸಿ ಬಿಸಿಲಿಗಿಟ್ರೂ ಸಾಯದೇ ಇರೋದು ಒಂದು ಮಾಡು. ಅಕ್ಕಯ್ಯಮ್ಮ ಹದಿನೈದು ದಿನ ಮಾಳಿಗೆ ಮೇಲಿಡ್ಲಿ. ಆಮೇಲೂ ಬದುಕಿದ್ರೆ ಹೇಳಿ ಕಳಿಸು." ಜೀಪು ಹತ್ತಿ ಹೊರಟೇಹೋದರು.

ಅಸದುಲ್ಲಾ ಶಿಡ್ಲಘಟ್ಟದ ಕಡೆ ಸ್ಕೂಟರ್ ತಿರುಗಿಸಿದ. ಸ್ಕೂಟರಿನ ಹಿಂದೆ ಕೂತ ಗೌಹರಳಿಗೆ ಅಳು ಬಂತು, ದುಪಟ್ಟಾದ ಚುಂಗು ಬಾಯಿಗಿಟ್ಟುಕೊಂಡು ಸದ್ದಿಲ್ಲದೆ ಅತ್ತಳು. ಆರ್ಡರ್ ಇಲ್ಲ. ಅಣ್ಣನ ಮಾತು ಖಡಾಖಂಡಿತ. ಮೇಜು ಹೋಯಿತು.

ಮರುದಿನ ಪೆಟ್ಟಿಗೆಯ ಪ್ರೋಗ್ರಾಂ ಬರೆದಿಟ್ಟ ನೋಟುಬುಕ್ಕು ಹಿಡಿದು ಗೌರಿಬಿದನೂರಿನ ಬಸ್ಸು ಹತ್ತಿದಳು. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಜತೆಗೆ ಓದಿದವಳೊಬ್ಬಳಿದ್ದಳು, ಚಿಪ್ಪಿಗೆ ಬರೆಯುವ ಯಂತ್ರ ಅಲ್ಲಿತ್ತು. ಮೇಜು ಹೋದರೂ ಅಕ್ಕಯ್ಯಮ್ಮನ ಪೆಟ್ಟಿಗೆ ಎದ್ದು ಕೂರಲೇಬೇಕಿತ್ತು. ಹೊಸ ಚಿಪ್ಪಿಗೆ ಎಲ್ಲ ಮತ್ತೆ ಬರೆಸಿ, ಗಾಜಿನ ಕಿಟಕಿಗೆ ಸ್ಕೂಟರ್ ನಂಬರ್ ಬರೆಯುವ ಕಪ್ಪು ಪೇಂಟನ್ನು ಮೂರು ಸಲ ಬಳಿದಳು. ಇನ್ನು ಯಾರು ಕಿತ್ತರೂ ಕಿತ್ತು ಬರುವಂಥದ್ದಲ್ಲ.

ಸಂಜೆ ಅಂಗಡಿಗೆ ಬಂದರೆ ಅಬ್ಬಾನ ಮೇಜಿನ ಮುಂದೆ ಅಸದುಲ್ಲಾ ಕೂತಿದ್ದ. ಖಾಲಿ ಮಾಡುತ್ತಿದ್ದಾನೆ ಅಂದುಕೊಂಡು ಬಾಗಿಲಲ್ಲೇ ನಿಂತಳು. ಅವನು ಎಣ್ಣೆ ಡಬ್ಬಿಯ ತಗಡನ್ನು ಅಂಗೈಯಗಲ ಕತ್ತರಿಸಿಕೊಂಡು, ಮೊಳೆ ಇಟ್ಟು ಸುತ್ತಿಗೆಯಿಂದ ಟಕಟಕ ಬಡಿಯುತ್ತಿದ್ದ.

"ಇದೇನು ಭಾಯ್?"

"ಮುಚ್ಚಳಕ್ಕೆ ಹೆಸರು ಬೇಡ್ವಾ? ಕಾಗದ ಆದ್ರೆ ಸುಟ್ಬಿಡ್ತಾರೆ."

ಅವಳು ಬಗ್ಗಿ ನೋಡಿದಳು. ಮೆಹಬೂಬ್ ರೇಡಿಯೋ ವರ್ಕ್ಸ್ ಎಂದಿರಬಹುದು ಅಂದುಕೊಂಡಿದ್ದಳು. ತಗಡಿನಲ್ಲಿ ಚುಕ್ಕಿ ಚುಕ್ಕಿಯಾಗಿ ಗೌಹರ್ ಎಂದು ಮೂಡಿತ್ತು. ಪಕ್ಕದಲ್ಲಿ ಇನ್ನೂ ಆರು ತಗಡು ಕತ್ತರಿಸಿಟ್ಟಿದ್ದವು.

"ಆರ್ಡರ್ ಬಂದಿಲ್ವಲ್ಲ ಭಾಯ್."

"ಗೊತ್ತು," ಎಂದು ಅಸದುಲ್ಲಾ ಮೇಲೆದ್ದು ಕುರ್ಚಿ ಬಿಟ್ಟುಕೊಟ್ಟ. "ಕ್ಯಾಸೆಟ್ಟಿನೋನಿಗೆ ಬೇರೆ ಕಡೆ ನೋಡ್ಕೊ ಅಂದೆ. ಕೂತ್ಕೊ, ಮೊದಲು ಅಕ್ಕಯ್ಯಮ್ಮಂದು ಮುಗ್ಸು. ಮೊಟ್ಟೆ ನಾಳೆ ಒಡೆಯುತ್ತೆ."