ಹನ್ನೆರಡು ಗಂಟೆಯ ಬಾಯಿಲೆಕ್ಕ

ಹೊಸ ಮಾಸ್ತರರನ್ನು ಪಳಗಿಸುವುದೆಂದರೆ ಗುಲಾಮ ದಸ್ತಗೀರ ಮಾಸ್ತರರಿಗೆ ಎಲ್ಲಿಲ್ಲದ ಹುರುಪು. ರಾವೂರದಿಂದ ಎರಡು ಮೈಲಿ ಆಚೆ, ಸುಣ್ಣಕಲ್ಲಿನ ಗಣಿಗಳ ನಡುವಿನ ಒಂದು ಊರಲ್ಲಿ ಅವರು ಕನ್ನಡ ಶಾಲೆಯ ಹೆಡ್‌ಮಾಸ್ತರರಾಗಿ ಹದಿನೆಂಟು ವರ್ಷ ಕಳೆದಿದ್ದರು. ಅಷ್ಟರಲ್ಲಿ ಟ್ರೇನಿಂಗ್ ಮುಗಿಸಿ ಬಂದ ಆರು ಮಂದಿಯನ್ನು ತಿದ್ದಿ ತೀಡಿ, ಖಾಯಂ ಮಾಡಿಸಿ ಕಳಿಸಿದ್ದರು. ಚಿತ್ತಾಪುರ ತಾಲೂಕಿನಲ್ಲಿ ಯಾವನಾದರೂ ಒಳ್ಳೆಯ ಮಾಸ್ತರ ಎನಿಸಿಕೊಂಡರೆ ಸಾಕು, ಅವನು ತಮ್ಮ ಕೈಯಲ್ಲೇ ತಯಾರಾದವನು ಎನ್ನುವರು. ಅವರಲ್ಲಿ ಅರ್ಧ ಮಂದಿ ಇವರ ಕೈಗೆ ಸಿಕ್ಕೇ ಇರಲಿಲ್ಲ, ಆ ಮಾತು ಬೇರೆ.

ಏಳನೆಯವಳು ಸೀತಾಬಾಯಿ. ಮಳಖೇಡದ ವೈಷ್ಣವರ ಮನೆಯ ಹುಡುಗಿ, ಆ ಮನೆಯಿಂದ ನೌಕರಿಗೆಂದು ಹೊಸ್ತಿಲು ದಾಟಿದ ಮೊದಲ ಹೆಣ್ಣು. ಅವಳ ಎರಡು ವರ್ಷದ ಪ್ರೊಬೇಷನ್ನು ೧೯೭೪ರ ಮಾರ್ಚಿಗೆ ಮುಗಿಯುವುದಿತ್ತು. ಹೆಡ್‌ಮಾಸ್ತರರ ವರದಿ ಚೆನ್ನಾಗಿದ್ದರೆ ಖಾಯಂ, ಇಲ್ಲದಿದ್ದರೆ ಮನೆಗೆ. ಮನೆಯಲ್ಲಿ ಅವಳ ಕಾಕಾ ಒಂದು ವರ ನೋಡಿಟ್ಟುಕೊಂಡು, ಈ ನೌಕರಿ ಯಾವಾಗ ಹೋದೀತೆಂದು ಕಾಯುತ್ತ ಕುಳಿತಿದ್ದ.

ದಸ್ತಗೀರರು ಅವಳಿಗೆ ಹೇಳಿಕೊಡುವುದರಲ್ಲಿ ಏನೂ ಕಮ್ಮಿ ಮಾಡಿರಲಿಲ್ಲ. ಬೋರ್ಡಿನ ಮೇಲೆ ಕಿರುಗುಟ್ಟದಂತೆ ಸೀಮೆಸುಣ್ಣದ ಖಡು ಮುರಿದುಕೊಳ್ಳುವುದು, ಹಾಜರಿ ಕರೆಯುವಾಗ ತಲೆ ಎತ್ತಿ ಮುಖ ನೋಡುವುದು, ಬಾಗಿಲಿಗೆ ಬೆನ್ನು ಮಾಡದೆ ನಿಲ್ಲುವುದು, ಎಲ್ಲ ಹೇಳಿದ್ದರು. ದಿನಾ ಶಾಲೆ ಬಿಟ್ಟ ಮೇಲೆ ಅವಳನ್ನು ಕೂಡ್ರಿಸಿಕೊಂಡು ಅಂದಿನ ತಪ್ಪುಗಳನ್ನು ಒಂದೊಂದಾಗಿ ಹೇಳುವರು. ಅವಳು ಆಗಲಿರಿ ಸರ ಎಂದು ಎದ್ದು ಹೋಗುವಳು. ಆ ವಿನಯ ಅವರಿಗೆ ಬಹಳ ಸೇರಿತ್ತು.

ಒಂದೇ ತೊಡಕು. ಸೀತಾಬಾಯಿಯ ಮೂರನೆಯ ವರ್ಗಕ್ಕೆ ಹನ್ನೆರಡು ಗಂಟೆಗೆ ಬಾಯಿಲೆಕ್ಕ. ಅಲ್ಲಿಯವರೆಗೆ ನಾ ಮುಂದು ತಾ ಮುಂದು ಎಂದು ಉತ್ತರ ಕೂಗುತ್ತಿದ್ದ ಮಕ್ಕಳು ಹನ್ನೆರಡು ಹೊಡೆದದ್ದೇ ಕಿವುಡರಾಗಿಬಿಡುವರು. ಹೆಸರು ಹಿಡಿದು ಕರೆದರೂ ಓ ಎನ್ನುವುದಿಲ್ಲ. ದಸ್ತಗೀರರು ಕಿಟಕಿಯಿಂದ ನಾಲ್ಕು ಸಲ ನೋಡಿದ್ದರು. ಮೇಜು ಬಡಿಯಿರಿ, ಜೋರು ಮಾಡಿರಿ ಎಂದು ಹೇಳಿದ್ದರು. ಪಕ್ಕದಲ್ಲೇ ತಮ್ಮ ನಾಲ್ಕನೆಯ ವರ್ಗವನ್ನು ತೋರಿಸಿ, "ನಮ್ಮ ಹುಡುಗ್ರನ್ನ ನೋಡ್ರಿ ಬಾಯಿಯವರ. ಹನ್ನೆರಡಕ್ಕ ಸೂಜಿ ಬಿದ್ರ ಕೇಳಸ್ತದ. ಶಿಸ್ತಂದ್ರ ಅದು" ಎಂದಿದ್ದರು. ಸಾಲದ್ದಕ್ಕೆ ಅವಳ ಬೋರ್ಡಿನ ಮೂಲೆಯಲ್ಲಿ ದಿನಾ ಒಂದು ಅಂಕಿ ಇರುತ್ತಿತ್ತು. ಒಂದು ದಿನ ಹನ್ನೊಂದು, ಇನ್ನೊಂದು ದಿನ ಹದಿನಾರು. ಕೆಲಸಕ್ಕೆ ಬಾರದ್ದು ಬೋರ್ಡಿನ ಮೇಲೆ ಇರಬಾರದೆಂದು ಅಳಿಸಿದರೆ ಮರುದಿನ ಮತ್ತೆ ಹಾಜರು.

ಕೊನೆಗೆ ವರದಿ ಬರೆಯುವ ದಿನ ಬಂತು. 'ಹನ್ನೆರಡರ ಬಾಯಿಲೆಕ್ಕದಲ್ಲಿ ವರ್ಗದ ಮೇಲೆ ಹಿಡಿತ ಸಾಲದು. ಎರಡು ವರ್ಷ ತಿಳಿಸಿ ಹೇಳಿದರೂ ಸುಧಾರಣೆ ಇಲ್ಲ' ಎಂದು ಬರೆದರು. ಬರೆಯುವಾಗ ಸಂಕಟವಾಯಿತು, ಇಲ್ಲವೆನ್ನುವಂತಿಲ್ಲ. ಆದರೆ ವರದಿಯಲ್ಲಿ ಸುಳ್ಳು ಶೆರಾ ಬರೆದ ಕೈ ತಮ್ಮದಲ್ಲ ಎಂಬುದೊಂದು ಜಂಬ ಅವರಿಗೆ. ಬರೆದದ್ದನ್ನು ಅವಳಿಗೂ ಓದಿ ಹೇಳಿದರು. ಅವಳ ಮುಖ ಬಿಳಿಚಿಕೊಂಡಿತು. ಆಗಲಿರಿ ಸರ ಎಂದು ಎದ್ದು ಹೋದಳು.

ಇನ್ಸ್‌ಪೆಕ್ಟರ್ ಶೌಕತ ಅಲಿ ಸಾಹೇಬರು ವಾಡಿಗೆ ರೈಲಿನಲ್ಲಿ ಬಂದು, ಅಲ್ಲಿಂದ ಸೈಕಲ್ಲಿನ ಮೇಲೆ ಹತ್ತಕ್ಕೆಲ್ಲ ಶಾಲೆ ಮುಟ್ಟಿದರು. ವರದಿ ಓದಿ, ಮುಟ್ಟಿತೆಂದು ಸಹಿ ಹಾಕಿ, ತಾರೀಖು ಬರೆದು ಚೀಲಕ್ಕೆ ಸೇರಿಸಿದರು. ಆ ಹನ್ನೆರಡರ ತಾಸನ್ನೇ ನೋಡೋಣ ನಡೆಯಿರಿ ಎಂದರು. ದಸ್ತಗೀರರು ತಮ್ಮ ವರ್ಗಕ್ಕೆ ಕಾಪಿ ಬರೆಯಲು ಕೊಟ್ಟು, ಸಾಹೇಬರ ಜೊತೆ ಮೂರನೆಯ ವರ್ಗದ ಹಿಂದೆ ಕುಳಿತರು. ಬೋರ್ಡಿನ ಮೂಲೆಯಲ್ಲಿ ಇವತ್ತೂ ಅಂಕಿ ಇತ್ತು. ಹದಿನಾಲ್ಕು.

ಏಳರ ಮಗ್ಗಿಯ ಲೆಕ್ಕ ನಡೆದಿತ್ತು. ಏಳೆಂಟಲೆ ಎಷ್ಟು ಎಂದು ಕೇಳುವಷ್ಟರಲ್ಲಿ ಗಣಿಯ ಸೀಟಿ ಕೇಳಿಸಿತು, ಬೆನ್ನಿಗೇ ಢಮ್ ಎಂದು ಮೊದಲ ಸ್ಫೋಟ. ಗಣಿಯಲ್ಲಿ ದಿನಾ ಹನ್ನೆರಡಕ್ಕೆ ಸುರಂಗ ಹಾರಿಸುತ್ತಾರೆ, ಅಂದರೆ ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸಿಡಿಸುತ್ತಾರೆ. ಮಕ್ಕಳು ಒಮ್ಮೆಲೇ ಕಲ್ಲಾದರು. ದಸ್ತಗೀರರು ಸೀತಾಬಾಯಿಗೆ ಮೇಜು ಬಡಿಯುವಂತೆ ಕಣ್ಸನ್ನೆ ಮಾಡಿದರು. ಅವಳು ನೋಡಿದಳು. ನೋಡಿಯೂ ಖಡು ಕೆಳಗಿಟ್ಟು ಸುಮ್ಮನೆ ನಿಂತುಬಿಟ್ಟಳು.

ಪಾಠ ಯಾಕೆ ನಿಂತಿತೆಂದು ಸಾಹೇಬರು ಕೇಳಿದರು.

"ಇವತ್ತ ಹದಿನಾಲ್ಕು ಸುರಂಗ ಅದಾವ್ರಿ ಸಾಹೇಬ್ರ," ಎಂದಳು. "ಈ ಮೆಹತಾಬ ಹುಡುಗಿ ಅಪ್ಪ ಫಕೀರಸಾಬ ಬತ್ತಿ ಹಚ್ಚಾಂವ. ಒಂದು ಹಾರಲಿಲ್ಲಂದ್ರ ಅಂವನೇ ಹೋಗಿ ನೋಡಬೇಕು. ಮುಂಜಾನಿ ಎಷ್ಟಂತ ಕೇಳಿ ಬರಕೊಂಡಿರ್ತೀವಿ. ಎಲ್ಲಾರ ಮನ್ಯಾಗೂ ಗಣಿಗೆ ಹೋದವರು ಅದಾರ್ರಿ, ಅಷ್ಟೂ ಹಾರೂ ತನಕ ಇವರು ಎಣಸ್ತಾರ್ರಿ. ನಾ ಏನ್ ಕೇಳಿದ್ರೂ ಕೇಳಸಂಗಿಲ್ಲ."

ಹನ್ನೊಂದು, ಹನ್ನೆರಡು, ಹದಿಮೂರು. ಆಮೇಲೆ ಸದ್ದಿಲ್ಲ. ಮೆಹತಾಬಳ ಮಡಚಿದ ಬೆರಳು ಮಡಚಿದಂತೆಯೇ ಇತ್ತು, ಮುಖ ಬೆವರಿತ್ತು. ಸೀತಾಬಾಯಿ ಹೋಗಿ ಅವಳ ಪಕ್ಕ ನೆಲಕ್ಕೆ ಕುಳಿತು ಬೆನ್ನ ಮೇಲೆ ಕೈಯಿಟ್ಟಳು. ಇಲಾಖೆ, ವರದಿ, ಕಾಕಾ ನೋಡಿಟ್ಟ ವರ, ಯಾವುದೂ ಆಗ ಅವಳಿಗೆ ನೆನಪಿದ್ದಂತೆ ಕಾಣಲಿಲ್ಲ. ಸಾಹೇಬರ ಪೆನ್ಸಿಲ್ ಕೂಡ ನಿಂತಿತ್ತು. ಎಷ್ಟೋ ಹೊತ್ತಾದ ಮೇಲೆ ಹದಿನಾಲ್ಕನೆಯದು ಢಮ್ ಎಂದಿತು.

ಇಡೀ ವರ್ಗ ಉಸಿರು ಬಿಟ್ಟಿತು. ಸೀತಾಬಾಯಿ ಎದ್ದು ಸೆರಗು ಸರಿಮಾಡಿಕೊಂಡು, ಏಳೆಂಟಲೆ ಎಷ್ಟು ಎಂದು ಮತ್ತೆ ಕೇಳಿದಳು. ಐವತ್ತಾರು ಎಂದು ಕೂಗಿದವರಲ್ಲಿ ಮೆಹತಾಬಳ ದನಿಯೇ ಎಲ್ಲರಿಗಿಂತ ಮೇಲಿತ್ತು.

ಸಾಹೇಬರು ಮಾತ್ರ ವರ್ಗವನ್ನು ನೋಡುತ್ತಿರಲಿಲ್ಲ. ದಸ್ತಗೀರರ ಕೈ ನೋಡುತ್ತಿದ್ದರು. ಒಂದು ಕೈಯ ನಾಲ್ಕು ಬೆರಳಿನ ಹನ್ನೆರಡು ಗೆಣ್ಣು ಮುಗಿಸಿ, ಎರಡನೆಯ ಕೈಯ ಎರಡನೆಯ ಗೆಣ್ಣಿನ ಮೇಲೆ ಅವರ ಹೆಬ್ಬೆರಳು ನಿಂತಿತ್ತು. ಹದಿನೆಂಟು ವರ್ಷ ಕೇಳಿದ ಆ ಸದ್ದು ಅವರ ಲಕ್ಷ್ಯಕ್ಕೆ ಬರುವುದನ್ನೇ ಬಿಟ್ಟಿತ್ತು. ಬೆರಳು ಮಾತ್ರ ಎಣಿಸುವುದನ್ನು ಬಿಟ್ಟಿರಲಿಲ್ಲ. ನಿಮ್ಮ ವರ್ಗಕ್ಕೆ ಈ ಹೊತ್ತಿನಲ್ಲಿ ಕಾಪಿ ಬರೆಯುವುದನ್ನು ಇಟ್ಟವರು ಯಾರು ಎಂದು ಸಾಹೇಬರು ಕೇಳಿದರು. ನಾನೇ. ಸೀತಾಬಾಯಿಗೆ ಬಾಯಿಲೆಕ್ಕ ಇಟ್ಟವರು? ಅದೂ ನಾನೇ ಎಂದರು ಮಾಸ್ತರರು.

ದಸ್ತಗೀರರು ಎದ್ದು ತಮ್ಮ ವರ್ಗಕ್ಕೆ ಹೋಗಿ ನಾಲ್ಕಾರು ಕಾಪಿ ಎತ್ತಿ ನೋಡಿದರು. ಸೀಟಿ ಕೇಳಿದ್ದೇ ಎಲ್ಲರ ಬರಹವೂ ಒಂದೇ ಸಾಲಿನ ಆಸುಪಾಸಿಗೆ ನಿಂತಿತ್ತು. ಒಬ್ಬನಂತೂ ಶಬ್ದವನ್ನು ಅರ್ಧಕ್ಕೇ ಬಿಟ್ಟಿದ್ದ. ಇಷ್ಟು ವರ್ಷ ತಮ್ಮ ಶಿಸ್ತೆಂದು ಬೀಗಿದ್ದು ಇದನ್ನೇ. ಸುಮ್ಮನೆ ಎಣಿಸಿಕೊಂಡು ಕೂಡುವ ತಾಸನ್ನು ತಮಗಿಟ್ಟುಕೊಂಡು, ಬಾಯಿ ಬಿಟ್ಟು ಉತ್ತರ ಹೇಳಿಸುವ ತಾಸನ್ನು ಆ ಹುಡುಗಿಯ ಕೊರಳಿಗೆ ಕಟ್ಟಿದ್ದರು. ಅವರಿಗೆ ನಾಚಿಕೆಯಿಂದ ನೆಲ ಬಗೆದು ಇಳಿದುಹೋಗಬೇಕೆನ್ನಿಸಿತು.

ವರದಿ ತಿರುಗಿ ಕೊಡಿ ಎಂದು ಬೇಡಿದರು. ಸಹಿಯಾದ ಕಾಗದ ತಿರುಗಿ ಬರುವುದಿಲ್ಲ, ಬೇಕಾದರೆ ಅದರ ಕೆಳಗೇ ಬರೆಯಬಹುದು ಎಂದರು ಸಾಹೇಬರು. ಬರೆದರೆ ಇಲಾಖೆ ನಿಮ್ಮಿಂದಲೇ ಜವಾಬು ಕೇಳುತ್ತದೆ, ಇನ್ನು ಮೇಲೆ ಹೊಸಬರನ್ನು ನಿಮ್ಮ ಕೈಕೆಳಗೆ ಹಾಕಲಿಕ್ಕಿಲ್ಲ ಎಂದೂ ಸೇರಿಸಿದರು. ದಸ್ತಗೀರರ ಪೆನ್ನು ಒಂದು ಗಳಿಗೆ ನಿಂತಿತು. ಅವರಿಗಿದ್ದ ಹೆಮ್ಮೆ ಅದೊಂದೇ. ಆಮೇಲೆ ಬರೆದರು: 'ಮೇಲೆ ಹೇಳಿದ ದೋಷ ಶಿಕ್ಷಕಿಯದಲ್ಲ. ವೇಳಾಪತ್ರಿಕೆ ನನ್ನದು, ತಪ್ಪೂ ನನ್ನದು. ಇವರನ್ನು ಖಾಯಂ ಮಾಡಬೇಕು.' ಸಾಹೇಬರು ಮಡಚಿಟ್ಟುಕೊಂಡು, ಖಾಯಂ ಮಾಡಲು ತಾವೂ ಬರೆಯುವುದಾಗಿ ಹೇಳಿ ಸೈಕಲ್ ಹತ್ತಿದರು.

ಶಾಲೆ ಬಿಟ್ಟ ಮೇಲೆ ಸೀತಾಬಾಯಿ ದಿನದಂತೆ ಬಂದು ಕುಳಿತಳು. ದಸ್ತಗೀರರು, "ಇಷ್ಟ ದಿನ ನನಗ ಯಾಕ ಹೇಳಲಿಲ್ಲ ಬೇಟಿ?" ಎಂದರು.

ಅವಳು ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

"ಎರಡು ವರ್ಷ ದಿನಾ ಕೂಡ್ರಿಸಿಕೊಂಡು ಹೇಳಿದ್ರಿ ಸರ. ಒಂದಿನಾನೂ ಕೇಳಲಿಲ್ರಿ."